ಬಿಸಿಲೂರಿನಲ್ಲಿ ಚರ್ಮದ ಕೈಕೆಲಸ: ಹೊಸದಾಗಿ ಕಲಿಯುವವರಿಗೆ

ಹವ್ಯಾಸಕ್ಕೆಂದು ಚರ್ಮದ ಕೆಲಸ ಕಲಿಯಲು ಹೊರಟವರು ಸಾಮಾನ್ಯವಾಗಿ ಮೊದಲು ಉಪಕರಣ ಕೊಳ್ಳುತ್ತಾರೆ. ಆನ್‌ಲೈನ್‌ನಲ್ಲಿ ಮೂವತ್ತು ನಲವತ್ತು ತುಂಡುಗಳ ಕಿಟ್ ಸಿಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಆರು ತಿಂಗಳಾದರೂ ಡಬ್ಬಿಯಿಂದ ಹೊರಗೆ ಬರುವುದಿಲ್ಲ. ಮೊದಲು ಅರ್ಥವಾಗಬೇಕಾದದ್ದು ಚರ್ಮ. ಕಲಬುರಗಿ, ಬೀದರ, ಯಾದಗಿರಿ ಕಡೆ ಕೂತು ಕೆಲಸ ಮಾಡುವವರಿಗೆ ಅದರೊಳಗಿನ ತೇವ ಇನ್ನೂ ಮುಖ್ಯ. ವಿಡಿಯೊಗಳಲ್ಲಿ ಹೇಳುವ ಹೊತ್ತಿನ ಲೆಕ್ಕವೆಲ್ಲ ಹೆಚ್ಚಾಗಿ ತಂಪು ದೇಶಗಳದ್ದು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಇಲ್ಲಿ ಹೊಸದೇನಲ್ಲ. ಅಲ್ಲಿ ಒಂದು ಗಂಟೆ ತೇವ ಹಿಡಿದುಕೊಳ್ಳುವ ಚರ್ಮ ಇಲ್ಲಿ ಫ್ಯಾನಿನ ಕೆಳಗೆ ಕಾಲು ಗಂಟೆಗೇ ಒಣಗುತ್ತದೆ. ಅಲ್ಲಿ ಹದಿನೈದು ನಿಮಿಷ ಕಾಯಬೇಕಾದ ಅಂಟು ಇಲ್ಲಿ ಐದೇ ನಿಮಿಷಕ್ಕೆ ತಯಾರಾಗಿರುತ್ತದೆ. ಹೀಗಾಗಿ ಮುಂದೆ ಹೇಳುವ ಪ್ರತಿ ಹಂತದಲ್ಲೂ ನಿಮಿಷದ ಜೊತೆಗೆ ಗುರುತನ್ನೂ ಹೇಳಿದೆ. ಗಡಿಯಾರ ಮತ್ತು ಗುರುತು ಹೊಂದದಿದ್ದರೆ ಗುರುತನ್ನೇ ನಂಬಿ.

ಯಾವ ಚರ್ಮ ತರಬೇಕು

ಹದ ಮಾಡುವ ಬಗೆಯಲ್ಲಿ ಮುಖ್ಯವಾದವು ಎರಡು. ಒಂದು ತೊಗಟೆ ಹದ: ಗಿಡದ ತೊಗಟೆ, ಕಾಯಿಗಳ ಒಗರಿನಲ್ಲಿ ವಾರಗಟ್ಟಲೆ ನೆನೆಸಿ ಮಾಡಿದ್ದು. ಜಾಲಿ ತೊಗಟೆ, ಅಳಲೆಕಾಯಿ, ನಮ್ಮ ಒಣಬೇಸಾಯದ ಹೊಲಗಳ ಬದುವಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ಇವೆಲ್ಲ ಈ ಕೆಲಸಕ್ಕೆ ಹಿಂದಿನಿಂದ ಬಳಕೆಯಲ್ಲಿವೆ. ಎರಡನೆಯದು ಕ್ರೋಮ್ ಹದ: ಕ್ರೋಮಿಯಂ ಲವಣದಲ್ಲಿ ಬೇಗ ಹದವಾಗಿದ್ದು. ಅಂಗಡಿಯ ಶೂ, ಜಾಕೆಟ್, ಮೆತ್ತನೆಯ ಬ್ಯಾಗುಗಳಲ್ಲಿ ಹೆಚ್ಚಿನವು ಇದರವು. ಕ್ರೋಮ್ ಚರ್ಮ ಕೆಟ್ಟದ್ದೇನಲ್ಲ, ಮೆತ್ತಗಿರುತ್ತದೆ, ನೀರಿಗೆ ಅಷ್ಟಾಗಿ ಹೆದರುವುದಿಲ್ಲ. ಆದರೆ ಕಲಿಯುವವರಿಗೆ ಅದು ಸಹಕರಿಸುವುದಿಲ್ಲ. ಒದ್ದೆ ಮಾಡಿ ಅಚ್ಚು ಒತ್ತಿದರೆ ನಿಲ್ಲುವುದಿಲ್ಲ, ಅಂಚು ಉಜ್ಜಿದರೆ ನುಣುಪಾಗುವುದಿಲ್ಲ, ಕತ್ತರಿಸುವಾಗ ಅಲಗಿನ ಮುಂದೆ ಎಳೆದುಕೊಂಡು ಹೋಗುತ್ತದೆ. ಮೊದಲ ಒಂದು ವರ್ಷ ತೊಗಟೆ ಹದದ ಚರ್ಮವನ್ನೇ ಹಿಡಿಯಿರಿ.

ಅಂಗಡಿಯವರು ಏನೇ ಹೇಳಲಿ, ಗುರುತು ನೀವೇ ಹಿಡಿಯಬಹುದು. ಕತ್ತರಿಸಿದ ಅಂಚು ನೋಡಿ: ಒಳಗೆಲ್ಲ ಒಂದೇ ಸಮನಾದ ಕಂದು ಇದ್ದರೆ ತೊಗಟೆಯದು, ನಡುವೆ ನೀಲಿ ಮಿಶ್ರಿತ ಬೂದು ಬಣ್ಣದ ಗೆರೆ ಕಂಡರೆ ಕ್ರೋಮ್. ಬಣ್ಣ ಹಚ್ಚದ ಮುಖದ ಮೇಲೆ ಒಂದು ಹನಿ ನೀರು ಬಿಡಿ: ತೊಗಟೆ ಹದದ್ದು ನೀರು ಕುಡಿದು ಆ ಜಾಗ ಕಪ್ಪಾಗುತ್ತದೆ. ಆ ಒದ್ದೆ ಜಾಗದಲ್ಲಿ ಉಗುರಿನಿಂದ ಗೆರೆ ಎಳೆದರೆ ಗೆರೆ ಹಾಗೇ ಉಳಿಯುತ್ತದೆ. ಹಿಂಬದಿಯಲ್ಲಿ ನೇಯ್ದ ಬಟ್ಟೆ ಕಂಡರೆ ಅದು ಚರ್ಮವೇ ಅಲ್ಲ, ರೆಕ್ಸಿನ್. ತುಂಡು ಸುಟ್ಟು ನೋಡುವ ಪರೀಕ್ಷೆ ಕೆಲವರು ಹೇಳುತ್ತಾರೆ. ಬೇಡ. ಕ್ರೋಮ್ ಚರ್ಮ ಸುಟ್ಟಾಗ ವಿಷಕಾರಿ ಕ್ರೋಮಿಯಂ ಉಂಟಾಗಬಹುದು, ಮೇಲಿನ ಮೂರು ಗುರುತೇ ಸಾಕು.

ದಪ್ಪವನ್ನು ಮಿ.ಮೀ. ಲೆಕ್ಕದಲ್ಲಿ ಕೇಳಿ. ವಿದೇಶಿ ವಿಡಿಯೊಗಳಲ್ಲಿ ಔನ್ಸ್ ಎನ್ನುತ್ತಾರೆ, ಒಂದು ಔನ್ಸ್ ಅಂದರೆ ಸುಮಾರು 0.4 ಮಿ.ಮೀ. ಕಾರ್ಡ್ ಹೋಲ್ಡರ್, ಪಾಕೀಟಿಗೆ 1ರಿಂದ 1.4 ಮಿ.ಮೀ., ನೋಟ್‌ಬುಕ್ ಹೊದಿಕೆಗೆ 1.6ರಿಂದ 2, ಚಾಕುವಿನ ಒರೆಗೆ 2.5ರಿಂದ 3, ಬೆಲ್ಟಿಗೆ 3ರಿಂದ 4 ಬೇಕು. ಮಾರುವುದು ಚದರ ಅಡಿ ಲೆಕ್ಕದಲ್ಲಿ, ಸಾಮಾನ್ಯವಾಗಿ ಇಡೀ ತುಂಡು. ಮೊದಲ ಸಲ ಇಡೀ ಎಮ್ಮೆ ಚರ್ಮ ತರಬೇಡಿ. ಒಂದೆರಡು ಚದರ ಅಡಿಯ ತುಂಡು, ಅದರ ಜೊತೆ ಒಂದು ಕಿಲೊ ಕತ್ತರಿಸಿ ಉಳಿದ ಚೂರು ಕೇಳಿ. ಚೂರುಗಳು ಕಡಿಮೆ ಬೆಲೆಗೆ ಸಿಗುತ್ತವೆ, ಕೈ ಪಳಗುವುದು ಅವುಗಳ ಮೇಲೇ.

ಒಂದೇ ಚರ್ಮದಲ್ಲಿ ಎಲ್ಲ ಜಾಗವೂ ಒಂದೇ ಅಲ್ಲ. ಬೆನ್ನಿನ ಭಾಗ ಬಿಗಿ, ಹಿಗ್ಗುವುದಿಲ್ಲ, ಬೆಲ್ಟಿಗೆ ಅದೇ ಬೇಕು. ಹೆಗಲಿನಲ್ಲಿ ಸುಕ್ಕಿನ ಗೆರೆಗಳಿರುತ್ತವೆ, ಆದರೆ ಗಟ್ಟಿ. ಹೊಟ್ಟೆಯ ಭಾಗ ಸಡಿಲ, ಎಳೆದರೆ ಬರುತ್ತದೆ. ಹೊಟ್ಟೆಯಿಂದ ತೆಗೆದ ಬೆಲ್ಟು ವರ್ಷದೊಳಗೆ ಉದ್ದವಾಗಿ ಬಾಳೆಹಣ್ಣಿನಂತೆ ಬಾಗುತ್ತದೆ. ಕೊಳ್ಳುವಾಗ ತುಂಡಿನ ಎರಡು ತುದಿ ಹಿಡಿದು ಎಳೆದು ನೋಡಿ, ಯಾವ ದಿಕ್ಕಿಗೆ ಹೆಚ್ಚು ಹಿಗ್ಗುತ್ತದೋ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬಾಣ ಹಾಕಿಕೊಳ್ಳಿ. ಉದ್ದನೆಯ ಪಟ್ಟಿಗಳನ್ನು ಹಿಗ್ಗದ ದಿಕ್ಕಿನಲ್ಲೇ ಕತ್ತರಿಸಬೇಕು.

ಅಂಟು, ದಾರ, ರಿವೆಟ್, ಐಲೆಟ್, ಮೊಳೆ, ಬಕಲ್ ಇವೆಲ್ಲ ಮೋಚಿಗಳಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಜಿಲ್ಲಾ ಕೇಂದ್ರದಲ್ಲೇ ಸಿಗುತ್ತವೆ. ತೊಗಟೆ ಹದದ ಒಳ್ಳೆಯ ಚರ್ಮಕ್ಕೆ ಮಾತ್ರ ಹೊರಗೆ ನೋಡಬೇಕಾಗಬಹುದು. ಬೀದರದವರಿಗೆ ಹೈದರಾಬಾದ್ ಹತ್ತಿರ. ಕಲಬುರಗಿಯವರಿಗೆ ಸೊಲ್ಲಾಪುರ ಹತ್ತಿರ, 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕೊಲ್ಹಾಪುರಿ ಚಪ್ಪಲಿಯ ಎಂಟು ಜಿಲ್ಲೆಗಳಲ್ಲಿ ಅದೂ ಒಂದು. ದೊಡ್ಡ ಪೇಟೆ ಚೆನ್ನೈನ ಪೆರಿಯಮೇಡು. ಮುಂಬೈ–ಚೆನ್ನೈ ರೈಲು ಮಾರ್ಗ ಕಲಬುರಗಿ, ಯಾದಗಿರಿ ಮೇಲೇ ಹೋಗುತ್ತದೆ. ಎಲ್ಲಿಂದ ತರಿಸಿದರೂ ಮೊದಲು ಅಂಗೈ ಅಗಲದ ಮಾದರಿ ತುಂಡು ಕೇಳಿ, ಮೇಲಿನ ಪರೀಕ್ಷೆ ಮಾಡಿ, ಆಮೇಲೆ ಹಣ ಕಳಿಸಿ.

ಉಪಕರಣ

ಇಷ್ಟು ಇದ್ದರೆ ಶುರು ಮಾಡಬಹುದು: ತುದಿ ಮುರಿಯುವ ಅಲಗಿನ 18 ಮಿ.ಮೀ. ಕಟರ್, 30 ಸೆಂ.ಮೀ.ನ ಸ್ಟೀಲ್ ಸ್ಕೇಲು, ಡಿವೈಡರ್, 4 ಮಿ.ಮೀ. ಅಂತರದ ತೂತು ಹಾಕುವ ಚಿಸೆಲ್ ಎರಡು (2 ಹಲ್ಲಿನದು ಒಂದು, 4 ಅಥವಾ 6 ಹಲ್ಲಿನದು ಒಂದು), ಮರದ ಕೊಡತಿ, ಮೊಂಡು ತುದಿಯ ದಪ್ಪ ಸೂಜಿ ಎರಡು, 0.6 ಅಥವಾ 0.8 ಮಿ.ಮೀ.ನ ಮೇಣ ಹಚ್ಚಿದ ಪಾಲಿಯೆಸ್ಟರ್ ದಾರ, ಚುಚ್ಚಿ ತೂತು ಮಾಡುವ ಒಂದು ಆರಿ, 400 ಮತ್ತು 800 ನಂಬರಿನ ಪಾಲಿಶ್ ಪೇಪರ್, ಜೇನುಮೇಣದ ಉಂಡೆ, ಅಂಟು. ಅಂಚಿನ ಮೂಲೆ ಸವರುವ ಉಳಿ ಆಮೇಲೆ ಕೊಳ್ಳಬಹುದು.

ಕಬ್ಬಿಣದ ಸುತ್ತಿಗೆಯಿಂದ ಚಿಸೆಲ್ ಬಡಿಯಬೇಡಿ, ತಲೆ ಚಪ್ಪಟೆಯಾಗಿ ಹಲ್ಲು ಬಾಗುತ್ತವೆ. ಕೊಡತಿಯನ್ನು ಬಡಗಿಯ ಹತ್ತಿರ ಜಾಲಿ ಮರದಲ್ಲಿ ಮಾಡಿಸಿಕೊಳ್ಳಿ, 400ರಿಂದ 500 ಗ್ರಾಂ ತೂಕ ಇರಲಿ. ಜಾಮಿಟ್ರಿ ಬಾಕ್ಸಿನ ಡಿವೈಡರ್ ನಡೆಯುತ್ತದೆ, ಆದರೆ ತಿರುಪು ಸಡಿಲಿದ್ದರೆ ಗೆರೆ ಎಳೆಯುವಾಗ ಕಾಲು ಜಾರಿ ಅಳತೆ ತಪ್ಪುತ್ತದೆ. ತಿರುಪು ಬಿಗಿ ಮಾಡಿ ಮೇಲೊಂದು ಸುತ್ತು ಟೇಪು ಸುತ್ತಿ.

ಬಡಿಯಲು ಕೆಳಗೆ ಕಲ್ಲು ಬೇಕು. ಬೇರೆ ಊರಿನವರು ಗ್ರಾನೈಟ್ ತುಂಡಿಗೆ ದುಡ್ಡು ಕೊಡುತ್ತಾರೆ, ನಮಗೆ ಶಹಾಬಾದ್ ಪರಸಿ ಇದೆ. ಒಂದೂವರೆ ಇಂಚಿಗಿಂತ ದಪ್ಪದ, ಒಂದಡಿ ಚೌಕದ ತುಂಡು ಆರಿಸಿ. ನೆಲಹಾಸಿನ ಒಂದಿಂಚಿನ ತೆಳು ಕಲ್ಲು ಬೇಡ: ಅಡಿಯಲ್ಲಿ ಸಂದು ಇದ್ದರೆ ನಾಲ್ಕು ಪೆಟ್ಟಿಗೆ ಪದರ ಬಿಟ್ಟು ಒಡೆಯುತ್ತದೆ. ಕಲ್ಲಿನ ಕೆಳಗೆ ಎರಡು ಮಡಿಕೆ ಗೋಣಿಚೀಲ ಹಾಸಿದರೆ ಸದ್ದು ಕಡಿಮೆ, ಕೆಳಗಿನ ಮನೆಯವರಿಗೂ ನೆಮ್ಮದಿ. ಚಿಸೆಲ್ ನೇರವಾಗಿ ಕಲ್ಲಿಗೆ ತಾಗಬಾರದು. ನಡುವೆ ಅಡುಗೆಮನೆಯ ಹಳೆಯ ಪ್ಲಾಸ್ಟಿಕ್ ಹಲಗೆ ಅಥವಾ ದಪ್ಪ ರಬ್ಬರ್ ಸೋಲ್ ಇಡಿ.

ಊರಿನ ಸಮಗಾರರು, ಮೋಚಿಗಳು ಇದಕ್ಕಿಂತ ಕಡಿಮೆ ಸಾಮಾನಿನಲ್ಲಿ ಇದಕ್ಕಿಂತ ಗಟ್ಟಿ ಕೆಲಸ ಮಾಡುತ್ತಾರೆ. ರಂಪಿಗೆ ಎನ್ನುವ ಅವರ ಚಾಕು ಒಂದೇ ಕತ್ತರಿಸುತ್ತದೆ, ಸವರುತ್ತದೆ, ಅಂಚು ತೆಳುವಾಗಿಸುತ್ತದೆ. ಕೊಕ್ಕೆಯಿರುವ ಆರಿ ತೂತು ಹಾಕುತ್ತಲೇ ದಾರವನ್ನೂ ಎಳೆದು ತರುತ್ತದೆ. ರಂಪಿಗೆ ಹಿಡಿಯುವ ಬಗೆ, ಸಾಣೆ ಹಿಡಿಯುವ ಕೋನ ವಿಡಿಯೊದಿಂದ ಬರುವುದಿಲ್ಲ, ಎದುರು ಕೂತು ನೋಡಬೇಕು. "ಕಾಕಾ, ಇದನ್ನ ಒಂದೀಟು ಕಲಿಸ್ರಿ" ಎಂದು ಕೇಳಿ, ದಿನದ ಕೆಲಸ ಬಿಟ್ಟು ಹೇಳಿಕೊಡುವ ಹೊತ್ತಿಗೆ ತಕ್ಕ ಹಣ ಕೊಡಿ. ಬಸವಕಲ್ಯಾಣದಲ್ಲಿ ಇಂದಿಗೂ ಹರಳಯ್ಯನ ಗವಿ ಇದೆ. ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯನಂಥವರು ಶರಣರಾಗಿ ಕೂತ ನೆಲದಲ್ಲೇ ಈ ಕಸುಬಿನವರನ್ನು ನೂರಾರು ವರ್ಷ ಊರ ಹೊರಗಿಟ್ಟರು. ಈಗ ಹವ್ಯಾಸವೆಂದು ಇದೇ ಕೆಲಸ ಕೈಗೆತ್ತಿಕೊಳ್ಳುವವರು ಅವರ ವಿದ್ಯೆಗೆ ಬೆಲೆ ಕೊಡಲೇಬೇಕು, ಚೌಕಾಸಿ ಮಾಡಬಾರದು. ಮನೆತನದ ಕಸುಬಿನವರಿಗೆ ಬೇರೆ ದಾರಿಯೂ ಇದೆ: 1976ರಲ್ಲಿ ಶುರುವಾದ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಲಿಡ್ಕರ್, ಕುಶಲಕರ್ಮಿಗಳಿಗೆ ತರಬೇತಿ ಕೊಡುತ್ತದೆ.

ಹರಿತ ಮತ್ತು ಕತ್ತರಿಸುವುದು

ಮೊಂಡು ಅಲಗು ಚರ್ಮವನ್ನೂ ಕೆಡಿಸುತ್ತದೆ, ಬೆರಳನ್ನೂ ಕೊಯ್ಯುತ್ತದೆ, ಏಕೆಂದರೆ ಮೊಂಡಾದಷ್ಟೂ ಬಲ ಹಾಕುತ್ತೀರಿ, ಬಲ ಹಾಕಿದಷ್ಟೂ ಜಾರುತ್ತದೆ. ಕಟರಿನ ತುದಿಯನ್ನು ಪ್ರತಿ ಕೆಲಸಕ್ಕೂ ಒಮ್ಮೆ ಮುರಿದು ಹೊಸದು ಮಾಡಿ. ಮುರಿದ ಚೂರುಗಳನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮನೆಯಲ್ಲಿ ಬರಿಗಾಲಲ್ಲಿ ಓಡಾಡುವವರಿದ್ದಾರೆ. ರಂಪಿಗೆ ಬಳಸುವವರು ಸಾಣೆಕಲ್ಲಿನ ಮೇಲೆ ಹರಿತ ಮಾಡಿದ ಬಳಿಕ, ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿಗೆ ಹಸಿರು ಪಾಲಿಶ್ ಸಾಬೂನು ಹಚ್ಚಿ, ಅಲಗನ್ನು ಹಿಂದಕ್ಕೆ ಎಳೆಯುತ್ತ ಎರಡೂ ಬದಿಗೆ ಹದಿನೈದು ಇಪ್ಪತ್ತು ಸಲ ಸವರಬೇಕು. ಮುಂದಕ್ಕೆ ತಳ್ಳಿದರೆ ಪಟ್ಟಿಯೇ ಕೊಯ್ದುಹೋಗುತ್ತದೆ.

ಮಾದರಿಯನ್ನು ಮೊದಲು ದಪ್ಪ ಕಾಗದದಲ್ಲಿ ಕತ್ತರಿಸಿ ಮಡಚಿ ನೋಡಿ. ಮದುವೆ ಕಾರ್ಡಿನ ಕಾಗದ ಇದಕ್ಕೆ ಹೇಳಿ ಮಾಡಿಸಿದ್ದು. ಚರ್ಮದ ಮೇಲಿಟ್ಟು ಆರಿಯ ತುದಿಯಿಂದ ಸುತ್ತ ಗೆರೆ ಎಳೆಯಿರಿ. ಬಾಲ್‌ಪೆನ್ ಶಾಯಿ ತೊಗಟೆ ಹದದ ಚರ್ಮದಿಂದ ಹೋಗುವುದಿಲ್ಲ.

ಸ್ಕೇಲನ್ನು ಉಳಿಯಬೇಕಾದ ತುಂಡಿನ ಮೇಲೇ ಇಡಿ, ಕೈ ತಪ್ಪಿದರೂ ಅಲಗು ಆಚೆಗಿನ ಚೂರಿಗೆ ಹೋಗಲಿ. ಮೊದಲ ಎಳೆತ ಬರೀ ಗೆರೆ ಮೂಡುವಷ್ಟು ಹಗುರ, ಎರಡನೆಯದು ಸ್ವಲ್ಪ ಆಳ, ಮೂರನೆಯದಕ್ಕೆ ಬೇರೆಯಾಗಬೇಕು. ಒಂದೇ ಸಲಕ್ಕೆ ಕತ್ತರಿಸಲು ಹೋದರೆ ಚರ್ಮ ಸ್ಕೇಲಿನ ಅಡಿಯಲ್ಲಿ ಸರಿಯುತ್ತದೆ. ಅಲಗು ನೆಟ್ಟಗಿರಲಿ. ಅದು ಓರೆಯಾದರೆ ಅಂಚೂ ಓರೆಯಾಗುತ್ತದೆ, ಎರಡು ಪದರ ಜೋಡಿಸಿದಾಗ ಒಂದು ಹೊರಗೆ ಚಾಚುತ್ತದೆ. ದುಂಡು ಮೂಲೆಗೆ ನಾಣ್ಯ ಇಟ್ಟು ಗೆರೆ ಎಳೆದು, ಅಲಗನ್ನು ತಿರುಗಿಸುವ ಬದಲು ನಾಲ್ಕೈದು ಸಣ್ಣ ನೇರ ಕೊಯ್ತಗಳಲ್ಲಿ ಮೂಲೆ ತೆಗೆಯಿರಿ. ಉಳಿದ ಏಣುಗಳು ಪಾಲಿಶ್ ಪೇಪರಿನಲ್ಲಿ ಹೋಗುತ್ತವೆ.

ಮೊದಲ ವಸ್ತು: ಕಾರ್ಡ್ ಹೋಲ್ಡರ್

ಎಟಿಎಂ ಕಾರ್ಡಿನ ಅಳತೆ 85.6 × 54 ಮಿ.ಮೀ. ಕಾರ್ಡು ಅಡ್ಡಡ್ಡ ಕೂರುವ ಒಂದೇ ಜೇಬಿನ ಹೋಲ್ಡರಿಗೆ 1.2 ಮಿ.ಮೀ. ಚರ್ಮದಲ್ಲಿ ಎರಡು ತುಂಡು ಬೇಕು: ಹಿಂಬದಿ 100 × 62, ಮುಂಬದಿ 100 × 50. ಅಗಲದಲ್ಲಿ 100 ಏಕೆಂದರೆ ಎರಡೂ ಪಕ್ಕ ಹೊಲಿಗೆಗೆ 4 ಮಿ.ಮೀ. ಹೋಗುತ್ತದೆ, ಉಳಿದ 92ರಲ್ಲಿ ಮೂರು ನಾಲ್ಕು ಕಾರ್ಡಿನ ದಪ್ಪ ಹಿಡಿಯಲು ಆರು ಮಿ.ಮೀ. ಸಡಿಲ ಬೇಕು. ಕಾರ್ಡು ಕೆಳಗಿನ ಹೊಲಿಗೆಯ ಮೇಲೆ ಕೂತಾಗ ಜೇಬಿನ ಬಾಯಿಂದ 8 ಮಿ.ಮೀ. ಮೇಲೆ ಕಾಣುತ್ತದೆ, ಬೆರಳಿಗೆ ಸಿಗಲು ಅಷ್ಟು ಸಾಕು.

ಜೋಡಿಸುವ ಮೊದಲೇ ಮುಗಿಸಬೇಕಾದ ಕೆಲಸ ಒಂದಿದೆ, ಹೊಸಬರು ಮರೆಯುವುದು ಅದನ್ನೇ: ಜೇಬಿನ ಬಾಯಿಯ ಅಂಚು ಮತ್ತು ಒಳಬದಿಯ ನುಣುಪು. ಹೊಲಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಒಳಬದಿಯ ಎಳೆ ಕೂರಿಸಲು ಗೋಂದಿನ ಲೋಳೆ ಬೇಕು. ಬೇಸಿಗೆಯಲ್ಲಿ ಶರಬತ್ತಿಗೆ ಹಾಕುವ ಗೋಂದ್ ಕತೀರಾ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಅರ್ಧ ಚಮಚ ಚೂರನ್ನು ಒಂದು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ಕದಡಿ, ತೆಳು ಬಟ್ಟೆಯಲ್ಲಿ ಹಿಂಡಿ. ಬರುವ ತೆಳು ಲೋಳೆಯನ್ನು ಬೆರಳಿನಿಂದ ಹಚ್ಚಿ, ಗಾಜಿನ ಸೀಸೆಯ ತಳದಿಂದ ಒಂದೇ ದಿಕ್ಕಿಗೆ ಒತ್ತಿ ಉಜ್ಜಿ. ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಬರುತ್ತದೆ, ವಾಸನೆ ತಿರುಗಿದರೆ ಚೆಲ್ಲಿಬಿಡಿ. ಅಂಟು ಬರುವ ಮೂರು ಪಕ್ಕದ 4 ಮಿ.ಮೀ. ಪಟ್ಟಿಗೆ ಮಾತ್ರ ಲೋಳೆ ತಾಗಿಸಬೇಡಿ, ನುಣುಪಾದ ಜಾಗದಲ್ಲಿ ಅಂಟು ಹಿಡಿಯುವುದಿಲ್ಲ.

ಅಂಟಿಗೆ ಮೋಚಿಗಳು ಬಳಸುವ ರಬ್ಬರ್ ಸೊಲ್ಯೂಷನ್ ಸರಿಯಾದದ್ದು. ಬಿಳಿ ಫೆವಿಕಾಲ್ ಒಣಗಿ ಗಡುಸಾಗುತ್ತದೆ. ಎರಡೂ ತುಂಡಿನ ಒಳಬದಿಗೆ, 3 ಮಿ.ಮೀ. ಅಗಲಕ್ಕೆ, ತೆಳ್ಳಗೆ ಹಚ್ಚಿ. ಡಬ್ಬಿಯ ಮೇಲೆ ಹತ್ತು ಹದಿನೈದು ನಿಮಿಷ ಕಾಯಿರಿ ಎಂದಿರುತ್ತದೆ. ಮೇ ತಿಂಗಳಿನ ಮಧ್ಯಾಹ್ನ ಅಷ್ಟು ಕಾದರೆ ಅಂಟು ಪೂರ್ತಿ ಒಣಗಿರುತ್ತದೆ, ಒತ್ತಿದರೂ ಹಿಡಿಯುವುದಿಲ್ಲ. ಬೆರಳು ತಾಗಿಸಿ ನೋಡಿ: ಜಿಗುಟು ಇರಬೇಕು, ಬೆರಳಿಗೆ ಅಂಟು ಬರಬಾರದು, ಅದೇ ಹೊತ್ತು. ಜೋಡಿಸುವಾಗ ಕೆಳಗಿನ ಒಂದು ಮೂಲೆಯಿಂದ ಶುರು ಮಾಡಿ. ಒಮ್ಮೆ ತಾಗಿದರೆ ಸರಿಸಲು ಬರುವುದಿಲ್ಲ. ಕೊಡತಿಯಿಂದ ಮೆಲ್ಲಗೆ ತಟ್ಟಿ. ಸೊಲ್ಯೂಷನ್ನಿನ ಆವಿ ತಲೆ ತಿರುಗಿಸುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಕಿಟಕಿ ತೆರೆದಿರಲಿ, ಅಡುಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ.

ಅಂಟಿದ ಮೇಲೆ ಮೂರೂ ಪಕ್ಕ 400 ನಂಬರ್ ಪೇಪರಿನಲ್ಲಿ ಉಜ್ಜಿ ಎರಡು ಪದರ ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ ಡಿವೈಡರನ್ನು 3.5 ಮಿ.ಮೀ.ಗೆ ಇಟ್ಟು, ಒಂದು ಕಾಲು ಅಂಚಿನ ಹೊರಗೆ ಜಾರಿಸುತ್ತ, ಇನ್ನೊಂದರಿಂದ ಹೊಲಿಗೆಯ ಗೆರೆ ಎಳೆಯಿರಿ. ಸಮ ಮಾಡುವ ಮೊದಲೇ ಗೆರೆ ಎಳೆದರೆ ಅಂಚಿನ ಡೊಂಕೆಲ್ಲ ಗೆರೆಗೂ ಬರುತ್ತದೆ.

ತೂತು

ಹೊಲಿಗೆಯ ಅಂದ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಚಿಸೆಲ್ಲನ್ನು ಗೆರೆಯ ಮೇಲಿಟ್ಟು ಹಗುರವಾಗಿ ಒತ್ತಿ ಮೊದಲು ಗುರುತು ಮಾತ್ರ ಹಾಕಿಕೊಳ್ಳಿ, ಇಡೀ ಗೆರೆಗೆ. ಮುಂದಿನ ಸಲ ಇಡುವಾಗ ಕೊನೆಯ ಗುರುತಿನಲ್ಲಿ ಮೊದಲ ಹಲ್ಲು ಕೂರಬೇಕು, ಆಗ ಅಂತರ ತಪ್ಪುವುದಿಲ್ಲ. ಮೂಲೆ ಹತ್ತಿರ ಬಂದಾಗ ಉಳಿದ ಜಾಗ ಎಷ್ಟು ತೂತಿಗೆ ಸಾಕು ಎಂದು ನೋಡಿ. ಅರ್ಧ ತೂತಿನಷ್ಟು ಹೆಚ್ಚು ಕಡಿಮೆಯಾದರೆ ಅದನ್ನು ಕೊನೆಯ ಒಂದೇ ತೂತಿನ ಮೇಲೆ ಹಾಕದೆ, ಹಿಂದಿನ ಐದಾರು ತೂತುಗಳಿಗೆ ಕೂದಲೆಳೆಯಷ್ಟು ಹಂಚಿ, 2 ಹಲ್ಲಿನ ಚಿಸೆಲ್ಲಿನಲ್ಲಿ ಹಾಕಿ. ದುಂಡು ಮೂಲೆಯಲ್ಲೂ 2 ಹಲ್ಲಿನದೇ.

ಗುರುತು ಸರಿಯಿದ್ದರೆ ಬಡಿಯಿರಿ. ಚಿಸೆಲ್ ನೆಟ್ಟಗಿದೆಯೇ ಎಂದು ಎದುರಿನಿಂದಷ್ಟೇ ಅಲ್ಲ, ಪಕ್ಕದಿಂದಲೂ ಬಗ್ಗಿ ನೋಡಿ. ಮುಂದೆ ಗೆರೆ ಸರಿಯಿದ್ದು ಹಿಂದೆ ತೂತುಗಳು ಹಾವಿನ ಹಾಗೆ ಓಡಿದ್ದರೆ ಕಾರಣ ಇದೊಂದೇ. 2.4 ಮಿ.ಮೀ. ದಪ್ಪಕ್ಕೆ ಎರಡು ಮೂರು ಪೆಟ್ಟು ಸಾಕು. ಹೊರತೆಗೆಯುವಾಗ ಚಿಸೆಲ್ಲನ್ನು ಅಲುಗಾಡಿಸಿದರೆ ತೂತು ಅಗಲವಾಗುತ್ತದೆ. ಹಲ್ಲುಗಳ ಎರಡೂ ಪಕ್ಕ ಚರ್ಮವನ್ನು ಬೆರಳಲ್ಲಿ ಒತ್ತಿ ಹಿಡಿದು ನೇರವಾಗಿ ಎಳೆಯಿರಿ. ಹಲ್ಲಿಗೆ ಆಗಾಗ ಜೇನುಮೇಣ ಸವರಿದರೆ ಸರಾಗವಾಗಿ ಬರುತ್ತದೆ. ಜೇಬಿನ ಬಾಯಿಯ ಎರಡೂ ತುದಿಯಲ್ಲಿ ಒಂದು ತೂತು ಜೇಬಿನ ಅಂಚಿಗಿಂತ ಮೇಲೆ, ಹಿಂಬದಿಯ ತುಂಡಿನಲ್ಲಿ ಮಾತ್ರ ಬರಬೇಕು. ಆ ಅಂಚಿನ ಮೇಲೆ ದಾರ ಎರಡು ಸಲ ಹಾಯ್ದು ಹೋಗುವುದಕ್ಕೇ ಅದು. ಅತಿ ಹೆಚ್ಚು ಎಳೆತ ಬೀಳುವ ಜಾಗ ಅದೇ, ಬಿಚ್ಚುವುದಾದರೆ ಅಲ್ಲಿಂದಲೇ ಬಿಚ್ಚುತ್ತದೆ.

ಎರಡು ಸೂಜಿಯ ಹೊಲಿಗೆ

ಮಷೀನಿನ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ನಡುವೆ ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಕಡಿದರೆ ಪಕ್ಕದವೂ ಸಡಿಲಾಗುತ್ತವೆ. ಎರಡು ಸೂಜಿಯ ಹೊಲಿಗೆಯಲ್ಲಿ ಪ್ರತಿ ತೂತಿನಲ್ಲೂ ದಾರದ ಎರಡೂ ತುದಿಗಳು ಎದುರುಬದುರು ಹಾಯುತ್ತವೆ. ಒಂದು ಕಡೆ ಸವೆದು ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಕುದುರೆಯ ಜೀನು ಹೊಲಿಯುವವರು ಇದನ್ನೇ ನಂಬಿದ್ದಾರೆ.

ದಾರದ ಉದ್ದ ಹೊಲಿಗೆಯ ನಾಲ್ಕು ಪಟ್ಟು, ಜೊತೆಗೆ ಒಂದು ಗೇಣು. ಈ ಹೋಲ್ಡರಿನ ಹೊಲಿಗೆ ಸುಮಾರು 20 ಸೆಂ.ಮೀ., ಒಂದು ಮೀಟರ್ ದಾರ ಸಾಕು. ದಪ್ಪ ಬೆಲ್ಟಿಗಾದರೆ ಐದು ಪಟ್ಟು ತೆಗೆದುಕೊಳ್ಳಿ. ಒಂದೂವರೆ ಮೀಟರಿಗಿಂತ ಉದ್ದ ದಾರ ಹಿಡಿದರೆ ಕೊನೆ ಕೊನೆಗೆ ಎಳೆ ಎದ್ದು ನಾರು ನಾರಾಗುತ್ತದೆ. ಪ್ರತಿ ತುದಿಯನ್ನೂ ಸೂಜಿಯ ಕಣ್ಣಿಗೆ ಪೋಣಿಸಿ, ತುದಿಯಿಂದ ಎರಡಿಂಚು ಹಿಂದೆ ದಾರದ ನಡುವೆಯೇ ಸೂಜಿ ಎರಡು ಸಲ ಚುಚ್ಚಿ, ಆ ಕುಣಿಕೆಯನ್ನು ಸೂಜಿಯ ಹಿಂದಕ್ಕೆ ಎಳೆದು ಬಿಗಿ ಮಾಡಿ. ಗಂಟು ಹಾಕಿದರೆ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ.

ತುಂಡನ್ನು ಎರಡು ಮೊಣಕಾಲಿನ ನಡುವೆ ಅಥವಾ ಬಡಗಿ ಮಾಡಿಕೊಟ್ಟ ಮರದ ಇಕ್ಕಳದಲ್ಲಿ, ಮುಂಬದಿ ನಿಮ್ಮ ಬಲಕ್ಕೆ ಬರುವಂತೆ ಸಿಕ್ಕಿಸಿ. ಮೊದಲ ತೂತಿನಲ್ಲಿ ಒಂದು ಸೂಜಿ ಹಾಯಿಸಿ ಎರಡೂ ಕಡೆ ದಾರ ಸಮ ಮಾಡಿ. ಮುಂದೆ ಪ್ರತಿ ತೂತಿನಲ್ಲೂ ಇದೇ ಕ್ರಮ. ಎಡಗೈಯ ಸೂಜಿ ಮೊದಲು ತೂತಿಗೆ ಹೋಗಲಿ, ಬಲಗಡೆ ಒಂದಿಂಚು ಬಂದಾಗ ಬಲಗೈಯ ಸೂಜಿಯನ್ನು ಅದರ ಕೆಳಗೆ ಅಡ್ಡವಿಟ್ಟು ಎರಡನ್ನೂ ಒಟ್ಟಿಗೆ ಹಿಡಿದು ಎಳೆಯಿರಿ. ಈಗ ತೂತಿನಲ್ಲಿ ಒಂದು ದಾರ ಇದೆ. ಅದನ್ನು ನಿಮ್ಮ ಕಡೆಗೆ ಸ್ವಲ್ಪ ಎಳೆದು ಹಿಡಿದು, ಅದರ ಹಿಂದಿನ ಜಾಗದಲ್ಲಿ ಬಲಗೈಯ ಸೂಜಿಯನ್ನು ಅದೇ ತೂತಿಗೆ ತೂರಿಸಿ. ತೂರಿಸುವಾಗ ಮೊದಲ ದಾರವನ್ನು ಹಿಂದೆ ಮುಂದೆ ಆಡಿಸಿ ನೋಡಿ. ಆಡದಿದ್ದರೆ ಸೂಜಿ ದಾರವನ್ನೇ ಚುಚ್ಚಿದೆ, ಹಿಂದಕ್ಕೆ ತೆಗೆದು ಮತ್ತೆ ಹಾಕಿ. ಆಮೇಲೆ ಎರಡೂ ಕೈ ಸಮನಾಗಿ ಎಳೆಯಿರಿ. ದಾರ ಚರ್ಮದ ಮೇಲೆ ಕೂತರೆ ಸಾಕು, ಹೂತುಹೋಗಬಾರದು.

ಹೊಲಿಗೆ ಒಂದು ಕಡೆ ಓರೆ, ಇನ್ನೊಂದು ಕಡೆ ನೇರ ಕಂಡರೆ ಹೆದರಬೇಡಿ, ಹಿಂಬದಿ ಸ್ವಲ್ಪ ನೇರವಾಗಿಯೇ ಇರುತ್ತದೆ. ಆದರೆ ಮುಂಬದಿಯಲ್ಲೇ ಕೆಲವು ಓರೆ, ಕೆಲವು ನೇರ ಬಂದಿದ್ದರೆ ನಡುವೆ ಕ್ರಮ ಬದಲಾಗಿದೆ: ಒಮ್ಮೆ ಎಡದ್ದು ಮೊದಲು, ಒಮ್ಮೆ ಬಲದ್ದು ಮೊದಲು ಹೋಗಿದೆ. ಅಂಚು ಅಲೆಅಲೆಯಾದರೆ ದಾರ ಅತಿ ಬಿಗಿ. ತೂತಿನಿಂದ ಅಂಚಿಗೆ ಚರ್ಮ ಹರಿದರೆ ಗೆರೆ ಅಂಚಿಗೆ ತೀರ ಹತ್ತಿರ ಇತ್ತು. ಈ ದಪ್ಪದ ಚರ್ಮಕ್ಕೆ 3 ಮಿ.ಮೀ.ಗಿಂತ ಒಳಗೆ ಇರಲೇಬೇಕು. ಮೊದಲು ಚೂರಿನ ಮೇಲೆ ಒಂದು ಅಡಿ ಹೊಲಿದು, ಬಿಚ್ಚದೆ, ಪಕ್ಕದಲ್ಲಿ ಇಟ್ಟುಕೊಳ್ಳಿ. ಮುಂದಿನ ವಾರ ಇನ್ನೊಂದು ಅಡಿ ಹೊಲಿದು ಅದರ ಮಗ್ಗುಲಿಗೆ ಇಟ್ಟರೆ ಎಲ್ಲಿ ಸುಧಾರಿಸಿದ್ದೀರಿ ಎಂದು ಯಾರನ್ನೂ ಕೇಳಬೇಕಿಲ್ಲ.

ಕೊನೆಗೆ ಬಂದಾಗ ಎರಡು ಮೂರು ತೂತು ಹಿಂದಕ್ಕೆ ಹೊಲಿದು, ಎರಡೂ ದಾರ ಹಿಂಬದಿಗೆ ತಂದು, 2 ಮಿ.ಮೀ. ಬಿಟ್ಟು ಕತ್ತರಿಸಿ ಲೈಟರಿನ ನೀಲಿ ಉರಿ ತೋರಿಸಿ, ಕರಗಿದ ತುದಿಯನ್ನು ತಕ್ಷಣ ಒತ್ತಿ. ಪಾಲಿಯೆಸ್ಟರ್ ದಾರಕ್ಕೆ ಮಾತ್ರ ಇದು. ನಾರಿನ ದಾರ ಉರಿಯುತ್ತದೆ, ಅದಕ್ಕೆ ಒಂದು ಹನಿ ಅಂಟು. ಹೊಲಿಗೆಯ ಮೇಲೆ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ದಾರ ಚಪ್ಪಟೆಯಾಗಿ ತೂತು ಮುಚ್ಚುತ್ತದೆ.

ಅಂಚು

ಮೂಲೆ ಸವರಿ, 400, ಆಮೇಲೆ 800 ಪೇಪರ್. ಒದ್ದೆ ಬೆರಳಿನಿಂದ ಅಂಚನ್ನು ತೇವ ಮಾಡಿ, ಗೋಂದಿನ ಲೋಳೆ ಹಚ್ಚಿ, ಒರಟು ಕ್ಯಾನ್ವಾಸ್ ಬಟ್ಟೆಯಿಂದ ಅಥವಾ ನುಣುಪಾದ ಮರದ ಕಡ್ಡಿಯಿಂದ ಬಿಸಿ ಏರುವ ತನಕ ಉಜ್ಜಿ. ಇಲ್ಲಿನ ಒಣಗಾಳಿಯಲ್ಲಿ ಇಡೀ ಅಂಚಿಗೆ ಒಮ್ಮೆಗೇ ಹಚ್ಚಿದರೆ ಮೊದಲ ಪಕ್ಕ ಮುಗಿಯುವ ಮೊದಲೇ ಮೂರನೆಯದು ಒಣಗಿರುತ್ತದೆ, ಒಣಗಿದ್ದನ್ನು ಉಜ್ಜಿದರೆ ಎಳೆ ಏಳುತ್ತದೆ. ಹತ್ತು ಸೆಂ.ಮೀ.ನಂತೆ ತುಂಡು ತುಂಡಾಗಿ ಮಾಡಿ. ಎರಡು ಮೂರು ಸುತ್ತು ಆದಮೇಲೆ ಪದರಗಳ ನಡುವಿನ ಗೆರೆ ಕಾಣದಂತಾಗುತ್ತದೆ. ಕೊನೆಗೆ ಜೇನುಮೇಣ ಸವರಿ ಬಟ್ಟೆಯಲ್ಲಿ ತಿಕ್ಕಿ.

ನೀರು, ಕಲೆ, ಬಣ್ಣ

ಅಚ್ಚು ಒತ್ತುವುದಕ್ಕೆ, ಒರೆಯಂಥ ಆಕಾರ ಕೊಡುವುದಕ್ಕೆ ಚರ್ಮ ಒದ್ದೆ ಮಾಡಬೇಕು. ಸ್ಪಂಜಿನಿಂದ ಎರಡೂ ಬದಿ ಸಮನಾಗಿ ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿ ಇಟ್ಟರೆ ತೇವ ಒಳಗೆಲ್ಲ ಹರಡುತ್ತದೆ. ಬೆಳಿಗ್ಗೆ ತೆಗೆದಾಗ ಬಣ್ಣ ಕಪ್ಪಗಿರುತ್ತದೆ, ಆಗಲೇ ಒತ್ತಬೇಡಿ. ಮೇಲ್ಮೈ ತನ್ನ ಮೂಲ ಬಣ್ಣಕ್ಕೆ ತಿರುಗತೊಡಗಿದ್ದು, ಕೆನ್ನೆಗೆ ತಾಗಿಸಿದರೆ ಇನ್ನೂ ತಣ್ಣಗಿರುವ ಹೊತ್ತು ಸರಿಯಾದದ್ದು. ಅಚ್ಚು ಮೂಡದೆ ಪುಟಿದರೆ ಒಣಗಿದೆ, ಗುರುತು ಮಸುಕಾಗಿ ಊದಿಕೊಂಡರೆ ನೀರು ಹೆಚ್ಚಾಗಿದೆ. ಬೇಸಿಗೆಯಲ್ಲಿ ಈ ಕೆಲಸವನ್ನು ಬೆಳಗಿನ ಹೊತ್ತು, ಫ್ಯಾನು ಆರಿಸಿ ಮಾಡಿ. ಕೂಲರ್ ಇರುವ ಕೋಣೆಯಾದರೆ ಹೊತ್ತು ಸ್ವಲ್ಪ ಹೆಚ್ಚು ಸಿಗುತ್ತದೆ. ಮಾಡಿದ್ದನ್ನು ನೆರಳಲ್ಲೇ ಒಣಗಿಸಬೇಕು. ಮಾಳಿಗೆಯ ಬಿಸಿಲಿಗೆ ಹಾಕಿದರೆ ಕಟ್ಟಿಗೆಯಂತೆ ಬಿರುಸಾಗಿ ಮಡಚಿದಲ್ಲಿ ಬಿರುಕು ಬಿಡುತ್ತದೆ.

ಬೋರ್‌ವೆಲ್ ನೀರು ಬೇಡ. ಗಡಸು ನೀರಿನಿಂದ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಕಬ್ಬಿಣದಂಶ ಇದ್ದರೆ ಕಪ್ಪು ಚುಕ್ಕೆ ಬೀಳುತ್ತವೆ. ಕುಡಿಯುವ ಫಿಲ್ಟರ್ ನೀರು ಬಳಸಿ. ಒದ್ದೆ ಚರ್ಮದ ಮೇಲೆ ಕಬ್ಬಿಣದ ಸ್ಕೇಲು, ಕತ್ತರಿ ಇಟ್ಟು ಮರೆತರೂ ನೀಲಿಗಪ್ಪು ಕಲೆಯಾಗುತ್ತದೆ. ತೊಗಟೆಯ ಒಗರು ಮತ್ತು ಕಬ್ಬಿಣ ಸೇರಿ ಶಾಯಿಯಾಗುವುದೇ ಇದಕ್ಕೆ ಕಾರಣ. ಕಲೆ ಹೊಸದಿದ್ದರೆ ನಿಂಬೆರಸ ಹಚ್ಚಿ, ತಿಳಿಯಾದ ಮೇಲೆ ನೀರಿನಲ್ಲಿ ಒರೆಸಿ.

ಅದೇ ರಸಾಯನವನ್ನು ಬೇಕೆಂದೇ ಬಳಸಿ ಅಗ್ಗದ, ಎಂದೂ ಬಿಡದ ಕಪ್ಪು ಬಣ್ಣ ಮಾಡಿಕೊಳ್ಳಬಹುದು. ಎಣ್ಣೆಯಂಶ ಹೋಗುವಂತೆ ಸಾಬೂನಿನಲ್ಲಿ ತೊಳೆದ ಸ್ಟೀಲ್ ವುಲ್ ಒಂದು ಹಿಡಿ, ಅರ್ಧ ಲೀಟರ್ ಬಿಳಿ ವಿನೆಗರಿನಲ್ಲಿ ಒಂದು ವಾರ. ಸ್ಟೇನ್‌ಲೆಸ್ ಪಾತ್ರೆ ಉಜ್ಜುವ ಸ್ಕ್ರಬ್ಬರ್ ಇದಕ್ಕೆ ನಡೆಯುವುದಿಲ್ಲ. ಮುಚ್ಚಳ ಸಡಿಲ ಇಡಿ, ಒಳಗೆ ಅನಿಲ ಹುಟ್ಟುತ್ತದೆ. ಬಟ್ಟೆಯಲ್ಲಿ ಸೋಸಿ ಚರ್ಮಕ್ಕೆ ಸವರಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಹತ್ತು ನಿಮಿಷದ ಬಳಿಕ ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಒರೆಸಿ, ಶುದ್ಧ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಲ್ಲಿ ಒಣಗಿಸಿ ತೆಳ್ಳಗೆ ಎಣ್ಣೆ ಹಚ್ಚಿ. ಎಣ್ಣೆಯ ಹಂತ ಬಿಟ್ಟರೆ ಚರ್ಮ ಒಣಗಿ ಸೀಳುತ್ತದೆ. ಕ್ರೋಮ್ ಚರ್ಮದಲ್ಲಿ ಒಗರೇ ಇಲ್ಲವಾದ್ದರಿಂದ ಇದು ಹೀಗೆ ಹಿಡಿಯುವುದಿಲ್ಲ.

ಮುಂದಿನ ಕೆಲಸ

ಹೋಲ್ಡರಿನ ನಂತರ ಬೆಲ್ಟಿಗೆ ಹೋಗಬಹುದು. ಈಗ ಹಾಕುತ್ತಿರುವ ಬೆಲ್ಟಿನಲ್ಲಿ ಬಕಲ್ ಕೂತ ಮಡಿಕೆಯಿಂದ ನೀವು ಬಳಸುವ ತೂತಿನವರೆಗೆ ಅಳೆಯಿರಿ. ಅದು 90 ಸೆಂ.ಮೀ. ಇದ್ದರೆ, ಬಕಲ್ ಮಡಿಕೆಗೆ 7, ನಡುವಿನ ತೂತಿನಾಚೆಗಿನ ಎರಡು ತೂತಿಗೆ 5, ಬಾಲಕ್ಕೆ 10, ಒಟ್ಟು 112. ತೂತು ಐದು, 2.5 ಸೆಂ.ಮೀ. ಅಂತರ, ನಡುವಿನದು ನಿಮ್ಮ ಅಳತೆಯದು. ಪ್ಯಾಂಟಿನ ಲೂಪಿಗೆ ತಕ್ಕಂತೆ ಅಗಲ 35 ಮಿ.ಮೀ. ಇಟ್ಟರೆ ಹೆಚ್ಚಿನವಕ್ಕೆ ಹೊಂದುತ್ತದೆ.

ಎತ್ತು ಇರುವ ಮನೆಯವರು ಕಾರಹುಣ್ಣಿಮೆಯ ಹೊತ್ತಿಗೆ ಗಂಟೆ ಕಟ್ಟುವ ಕೊರಳ ಪಟ್ಟಿ ಮಾಡಿ ನೋಡಿ, ಕೈಗೆ ಒಳ್ಳೆಯ ಕೆಲಸ. 4 ಮಿ.ಮೀ. ಎಮ್ಮೆ ಚರ್ಮ, 50 ಮಿ.ಮೀ. ಅಗಲ. ಗಂಟೆಯ ಬಳೆ ಕೂರುವ ಕಡೆ ಇನ್ನೊಂದು ಪದರ ಅಂಟಿಸಿ ಹೊಲಿದು, ಎರಡೂ ತುದಿಗೆ ಹಿತ್ತಾಳೆ ರಿವೆಟ್ ಹಾಕಿ. ಕಬ್ಬಿಣದ್ದಾದರೆ ಬೆವರಿಗೆ ತುಕ್ಕು ಹಿಡಿದು ಮೇಲೆ ಹೇಳಿದ ಕಪ್ಪು ಕಲೆ ಬರುತ್ತದೆ, ಚರ್ಮವೂ ಅಲ್ಲೇ ಸಾಯುತ್ತದೆ. ರಿವೆಟ್ಟಿನ ತಲೆ ಒಳಬದಿಯಲ್ಲಿ ಚಪ್ಪಟೆಯಾಗಿರಲಿ, ಬೆರಳಾಡಿಸಿದರೆ ಏನೂ ತಾಗಬಾರದು. ಒಳಬದಿಯ ಎರಡೂ ಅಂಚನ್ನು ಚೆನ್ನಾಗಿ ದುಂಡಗೆ ಸವರಿ, ಇಲ್ಲವಾದರೆ ಕೊರಳು ಉಜ್ಜಿ ಗಾಯವಾಗುತ್ತದೆ. ಕಟ್ಟಿದ ಮೇಲೆ ಎರಡು ಬೆರಳು ಸಲೀಸಾಗಿ ಒಳಹೋಗಬೇಕು.

ಉಳಿದ ಚರ್ಮವನ್ನು ಮಡಚಿಡಬೇಡಿ, ಸುರುಳಿ ಸುತ್ತಿ ಹತ್ತಿ ಬಟ್ಟೆಯಲ್ಲಿ ಇಡಿ. ತೊಗಟೆ ಹದದ್ದು ಬೆಳಕಿಗೆ ಕಪ್ಪಾಗುವುದರಿಂದ ಕಿಟಕಿ ಪಕ್ಕ ಬೇಡ. ಜುಲೈನಿಂದ ಸೆಪ್ಟೆಂಬರಿನವರೆಗೆ ಪ್ಲಾಸ್ಟಿಕ್ ಚೀಲದಲ್ಲಿದ್ದರೆ ಬೂಷ್ಟು ಬರುತ್ತದೆ. ಬಂದರೆ ಮನೆಯ ಹೊರಗೆ ಒಣ ಬಟ್ಟೆಯಲ್ಲಿ ಒರೆಸಿ, ಸ್ಪಿರಿಟ್ ಮತ್ತು ನೀರು ಸಮಪಾಲು ಬೆರೆಸಿ ಹಗುರವಾಗಿ ಸವರಿ, ಗಾಳಿಗೆ ಒಣಗಿಸಿ. ಬಟ್ಟೆಯನ್ನು ಮತ್ತೆ ಬಳಸಬೇಡಿ.